ಎಮ್ಮೆಯ ಮಣ್ಣಿಗೆ ಹೋಗುತ್ತಿದ್ದ ಕಂಪನಿ

ನಮ್ಮ ಎಮ್ಮೆ ಸತ್ತ ದಿನ ನಾನು ಅಂಗಳ ಗುಡಿಸಿ, ನೀರು ಹೊಡೆದು, ಕಟ್ಟೆಯ ಮೇಲೆ ಜಮಖಾನೆ ಹಾಸಿ ಕೂತೆ. ಕಂಪನಿಯಿಂದ ಯಾರಾದರೂ ಬರುತ್ತಾರೆ ಎಂದು. ಯಾರೂ ಬರುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದೇ ಕಂಪನಿಯಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದು ಹೊರಬಿದ್ದವಳು ನಾನು. ಆದರೂ ಕಾದೆ.

ನನ್ನ ಯಜಮಾನರು ಆಗಲೇ ಎಲ್ಲಾ ಮುಗಿಸಿ ಕೈತೊಳೆದುಕೊಂಡಿದ್ದರು. ವಿಮೆಯ ಬಿಲ್ಲೆ ಇದ್ದ ಕಿವಿ ಕಾಣುವ ಹಾಗೆ ಎಮ್ಮೆಯ ಫೋಟೋ ತೆಗೆದು, ಫೋನಿನಲ್ಲೇ ಕಂಪನಿಗೆ ಕಳಿಸಿಯಾಗಿತ್ತು. ನಾನು ಜಮಖಾನೆಯ ಮೂಲೆ ಸರಿಮಾಡುವುದನ್ನು ನೋಡಿ ನಕ್ಕರು.

"ಯಾರ್ ಬರ್ತಾರಂತ ಹಾಸಾಕತ್ತಿ? ಫೋಟೋ ಹೋಗೇತಿ, ಮುಗೀತು."

"ಬಂದ್ರೂ ಬರಬಹುದು."

"ಬರ್ತಾರ ತಡಿ, ಬಾಜಾ ಬಜಂತ್ರಿ ಹಚ್ಚಿಗೊಂಡ ಬರ್ತಾರ."

ನಾನು ಜಮಖಾನೆಯ ಇನ್ನೊಂದು ಮೂಲೆ ಎಳೆದೆ. ಮಾತಾಡಿದ್ದರೆ ಜಗಳವಾಗುತ್ತಿತ್ತು. ಸತ್ತ ಜೀವ ಇನ್ನೂ ಹಿತ್ತಲಲ್ಲಿ ಮಲಗಿರುವಾಗ ಗಂಡ ಹೆಂಡತಿ ಜಗಳಾಡಬಾರದು ಎಂದು ನುಂಗಿಕೊಂಡೆ. ನನಗೆ ಬೇಕಾಗಿದ್ದು ಇಷ್ಟೇ. ಒಬ್ಬರು ಬರಬೇಕು, ಕೂಡಬೇಕು, ನಮ್ಮ ಎಮ್ಮೆಯ ಬಗ್ಗೆ ಎರಡು ಮಾತು ಕೇಳಬೇಕು. ಹಿಂದೆ ಆ ಕೆಲಸಕ್ಕೇ ನಮಗೆ ಪಗಾರ ಕೊಡುತ್ತಿದ್ದರು ಎಂದರೆ ಈಗಿನವರು ನಂಬುವುದಿಲ್ಲ.

ಕಂಪನಿ ಎನ್ನುವುದು ಜನ ಕರೆದ ಹೆಸರು. ಕಾಗದದ ಮೇಲೆ ಅದು ಹಾಲು ಮಾರುವವರೆಲ್ಲ ಸೇರಿ ಕಟ್ಟಿಕೊಂಡ ಸಹಕಾರಿ ಸಂಘ. ದನ ಎಮ್ಮೆ ಸತ್ತರೆ ಒಬ್ಬರ ನಷ್ಟವನ್ನು ಎಲ್ಲರೂ ಹಂಚಿಕೊಳ್ಳುವ ವಿಮೆ. ಕಟ್ಟಿದವರು ಗೋಕಾಕದ ನಿವೃತ್ತ ದನದ ಡಾಕ್ಟರು ಒಬ್ಬರು. ಪಾತ್ರೆ ಅಂಗಡಿಯ ಮಾಳಿಗೆಯ ಮೇಲೆ ಎರಡು ಖೋಲಿ ಹಿಡಿದು, ಸರಕಾರದ ಮಂಜೂರಾತಿ ಬರುವ ಮೊದಲೇ ಬೋರ್ಡು ಬರೆಸಿ ತೂಗುಹಾಕಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಕೆಳಗಿನ ಅಂಗಡಿಯವರು ನಗುತ್ತಿದ್ದರಂತೆ. ನಾನು ಸೇರುವಷ್ಟರಲ್ಲಿ ಮಂಜೂರಾತಿ ಬಂದಿತ್ತು, ಕುರ್ಚಿ ಇನ್ನೂ ಬಂದಿರಲಿಲ್ಲ. ಪಾತ್ರೆ ಬಡಿಯುವ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ನಾವೆಲ್ಲ ಒದರಿ ಮಾತಾಡುವುದನ್ನು ಕಲಿತೆವು. ನನ್ನ ದನಿ ಇವತ್ತಿಗೂ ತಗ್ಗಿಲ್ಲ ಎಂದು ಮನೆಯಲ್ಲಿ ದೂರು ಇದೆ.

ಹೆಣ್ಣುಮಗಳು ಊರೂರು ತಿರುಗುವ ಕೆಲಸಕ್ಕೆ ಆದೀತೇ ಎಂದು ಡಾಕ್ಟರಿಗೆ ಅನುಮಾನವಿತ್ತು. ನಮ್ಮದು ಕುರಿ ಕಾಯುವ ಮನೆತನ, ಊರೂರು ತಿರುಗಿಯೇ ನಾವು ಹುಟ್ಟಿದ್ದು ಎಂದೆ. ಅವರು ನಕ್ಕು ನನ್ನನ್ನು, ಆಫೀಸಿನವರೆಲ್ಲ ಕಾಕಾ ಎಂದು ಕರೆಯುತ್ತಿದ್ದ ಹಿರಿಯರೊಬ್ಬರ ಜೊತೆ ಹಾಕಿದರು.

ಕಾಕಾ ಹುಕ್ಕೇರಿಯ ಮುಸ್ಲಿಂ ಮನೆತನದವರು. ಅವರ ಅಪ್ಪ, ಅಜ್ಜ ಸಂತೆಯಲ್ಲಿ ದನದ ವ್ಯಾಪಾರ ಮಾಡಿದವರು. ಇವರು ಮಾತ್ರ ಮಾರುವ ಕೊಳ್ಳುವ ಗದ್ದಲ ಬೇಡವೆಂದು ಕಂಪನಿಗೆ ಬಂದಿದ್ದರು. ಅವರಿಗೆ ಎರಡು ಚಟ: ಎಲೆ ಅಡಿಕೆ ಮತ್ತು ಮಾತು. ಮೋಟಾರ್ ಸೈಕಲ್ ಮೇಲೆ ಮುಂದೆ ಕೂತು ಹಿಂದೆ ತಿರುಗಿ ಮಾತಾಡುತ್ತಿದ್ದರು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದಾಗಲೆಲ್ಲ ನಾನು ಮನೆದೇವರನ್ನು ನೆನೆಯುತ್ತಿದ್ದೆ. "ತಂಗಿ, ಅಂಜಬ್ಯಾಡ, ಟ್ರ್ಯಾಕ್ಟರದಾಂವ ನೋಡಾಕತ್ತಾನಲ್ಲ" ಎನ್ನುತ್ತಿದ್ದರು.

ದನ ಸತ್ತ ಸುದ್ದಿ ಬಂದರೆ ಹೋಗಿ ನೋಡಿಕೊಂಡು ಬರುವುದು ನಮ್ಮ ಕೆಲಸ. ಅದಕ್ಕೆ ತಪಾಸಣೆ ಎಂದೋ ಮತ್ತೇನೋ ಒಂದು ಸರಕಾರಿ ಹೆಸರು ಇತ್ತು. ಕಾಕಾ ಅದನ್ನು ಮಣ್ಣಿಗೆ ಹೋಗುವುದು ಎಂದೇ ಕರೆದರು. ಮನುಷ್ಯರು ಸತ್ತಾಗ ಬೀಗರು ಬಿಜ್ಜರು ಕೆಲಸ ಬಿಟ್ಟು ಬರುವುದಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ. ಆಮೇಲೆ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. "ಎಲ್ಲಿಗಿ ಹೊಂಟೀರಿ?" "ನಾಗನೂರಿಗಿ, ಮಣ್ಣಿಗಿ." ಹೊಸಬರು ಕೇಳಿದರೆ ಗಾಬರಿಯಾಗಬೇಕು.

ಕಾಕಾ ಕಲಿಸಿದ್ದು ಒಂದೇ ಪಾಠ. "ಮದ್ಲ ಕೂಡು. ಆಮ್ಯಾಲ ಆ ಜೀವದ ಬಗ್ಗೆ ಕೇಳು. ಬಿಲ್ಲಿ, ಸಹಿ, ಎಲ್ಲಾ ಕಟ್ಟಕಡೀಕ." ನಾವು ಹೋದ ಮನೆಯವರು ಅಳುತ್ತಲೇ ಎಮ್ಮೆಯ ಗುಣಗಾನ ಮಾಡುತ್ತಿದ್ದರು. ಅದು ಒದೆಯುತ್ತಿದ್ದದ್ದೂ ಗುಣವಾಗಿಬಿಡುತ್ತಿತ್ತು. ಕಾಕಾ ಪ್ರತಿ ಮಾತಿಗೂ ತಲೆಯಾಡಿಸಿ, ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿ, ಕೊಟ್ಟ ಚಹಾ ಕುಡಿದು ಏಳುತ್ತಿದ್ದರು. ಮೊದಮೊದಲು ನನಗೆ ಇದೆಲ್ಲ ಹೊತ್ತು ಕಳೆಯುವ ಆಟ ಅನಿಸುತ್ತಿತ್ತು. ನನ್ನದು ಹುಟ್ಟಾ ಅವಸರದ ಸ್ವಭಾವ.

ಕಂಪನಿ ಉಳಿಯುತ್ತದೋ ಮುಳುಗುತ್ತದೋ ಎಂಬ ಹೊತ್ತು ಬಂದದ್ದು ಕುಲಗೋಡದಲ್ಲಿ. ಒಬ್ಬ ವಯಸ್ಸಾದ ಆಯಿಯ ಎಮ್ಮೆ ಸತ್ತಿತ್ತು. ಮಳೆಗೆ ಹಳ್ಳ ಬಂದು ದಾರಿ ಕಟ್ಟಿದ್ದರಿಂದ ನಾವು ಮುಟ್ಟುವಷ್ಟರಲ್ಲಿ ಹೂಳಿಯಾಗಿತ್ತು. ಆಯಿ ಒಳಗೆ ಹೋಗಿ ಒಂದು ಬಟ್ಟೆಯ ಗಂಟು ತಂದಳು. ಬಿಚ್ಚಿದರೆ ಕೊರಳ ಹಗ್ಗ, ಗಂಟೆ, ದೃಷ್ಟಿಯ ಕರಿಮಣಿ, ಅವುಗಳ ಜೊತೆಗೆ ನಮ್ಮ ಹಳದಿ ಬಿಲ್ಲೆ. ಅರಿಶಿನದ ನೀರಿನಲ್ಲಿ ತೊಳೆದು ಇಟ್ಟಿದ್ದಳು.

ಬಿಲ್ಲೆ ಕಿವಿಯಲ್ಲೇ ಇರಬೇಕು, ಇಲ್ಲದಿದ್ದರೆ ವಿಮೆ ಇಲ್ಲ. ಅದು ಕಂಪನಿಯ ಮೊದಲನೆಯ ನಿಯಮ. ಒಂದು ಎಮ್ಮೆಯ ಬಿಲ್ಲೆ ಕಿತ್ತು ಇನ್ನೊಂದರ ಹೆಸರಿಗೆ ತೋರಿಸುವವರೂ ಇರುತ್ತಾರಲ್ಲ.

"ಆಯಿ, ಇದನ್ನ ಯಾಕ ತಗದ್ರಿ?" ಎಂದು ನಾನು ಹೆಚ್ಚು ಕಡಿಮೆ ಒದರಿದೆ.

"ಹೋಗೋ ಜೀವದ ಮ್ಯಾಲ ನಮ್ಮದೇನೂ ಇಡಬಾರ್ದವಾ. ನಾವು ಕಟ್ಟಿದ್ದನ್ನ ನಾವ ಬಿಚ್ಚಿ ಕಳಿಸಬೇಕು. ನಿಮ್ಮದೂ ಬಿಚ್ಚೇನಿ. ತಪ್ಪಾತೇನು?"

ಆ ಎಮ್ಮೆಯ ಹಾಲಿನ ಮೇಲೆಯೇ ಆಯಿಯ ಬದುಕು. ಸುತ್ತ ನಿಂತಿದ್ದ ಊರಿನವರೆಲ್ಲ ನಮ್ಮ ಮುಖವನ್ನೇ ನೋಡುತ್ತಿದ್ದರು. ಕಂಪನಿ ಕೊಡುತ್ತದೆಯೋ, ನಿಯಮ ಹೇಳುತ್ತದೆಯೋ ನೋಡೋಣ ಎಂದು. ಕಾಕಾ ಎದ್ದು, ಎಮ್ಮೆ ಹೂಳಿದ ಕಡೆ ಹೋಗಿ, ಹಸಿ ಮಣ್ಣಿನ ಮೇಲೆ ಒಂದು ಹಿಡಿ ಮಣ್ಣು ಹಾಕಿ ನಿಂತರು.

ಗೋಕಾಕದ ಮಾಳಿಗೆಯಲ್ಲಿ ಅವತ್ತು ಆದ ಜಗಳ ಕೆಳಗಿನ ಪಾತ್ರೆ ಅಂಗಡಿಯವರಿಗೂ ಕೇಳಿಸಿತಂತೆ. ಸಂಘದ ಹಿರಿಯರು ಆಗುವುದಿಲ್ಲ ಎಂದರು. ಒಮ್ಮೆ ಸಡಿಲ ಬಿಟ್ಟರೆ ನಾಳೆ ಊರಿಗೆ ಊರೇ ಬಿಲ್ಲೆ ಕಿತ್ತುಕೊಂಡು ಬರುತ್ತದೆ ಎಂದರು. ಕಾಕಾ ಬಾಯಲ್ಲಿನ ಎಲೆ ಉಗುಳಿ ಬಂದು ಹೇಳಿದರು: "ನಿಯಮಾ ಬರದಾಗ ಅವ್ರ ಮನಿ ರಿವಾಜ ನಾವ್ಯಾರೂ ಕೇಳಲಿಲ್ಲ. ಕೇಳದ ಬರದವ್ರು ನಾವು. ಆಕೀಗ್ಯಾಕ ಶಿಕ್ಷಾ?" ಡಾಕ್ಟರು ಮರುದಿನ ತಾವೇ ಕುಲಗೋಡಕ್ಕೆ ಬಂದರು. ಅಕ್ಕಪಕ್ಕದ ಮನೆಯವರನ್ನು, ಹಾಲು ಹಾಕಿಸಿಕೊಳ್ಳುವವರನ್ನು ಕೇಳಿ, ಆಯಿಯ ಕಟ್ಟೆಯ ಮೇಲೆ ಕೂತೇ ಸಹಿ ಮಾಡಿದರು. ಅಂದಿನಿಂದ ಹೊಸ ನಿಯಮ ಬಂತು: ಕಂಪನಿಯವರು ಬಂದು ನೋಡುವವರೆಗೆ ಏನನ್ನೂ ಬಿಚ್ಚಬಾರದು, ನೋಡಿದ ಮೇಲೆ ಬಿಲ್ಲೆಯನ್ನು ಕಂಪನಿಯವರೇ ಬಿಚ್ಚಿ ಕೊಡಬೇಕು.

ಕಂಪನಿ ಬೆಳೆದದ್ದು ಅಲ್ಲಿಂದ. ಜಾಹೀರಾತಿಗೆ ಒಂದು ಚೀಟಿಯನ್ನೂ ಹಂಚಲಿಲ್ಲ. ಕುಲಗೋಡದ ಬಸ್ಸಿನಲ್ಲಿ ಸುದ್ದಿ ಹೋಯಿತು, ಸಂತೆಯಲ್ಲಿ ಹೋಯಿತು. ಎಮ್ಮೆಯ ಮಣ್ಣಿಗೆ ಬರುವ ಕಂಪನಿ ಎಂದು ಜನ ಹುಡುಕಿಕೊಂಡು ಮಾಳಿಗೆ ಹತ್ತಿ ಬಂದರು. ಮೂಡಲಗಿಯಲ್ಲಿ ಶಾಖೆಯಾಯಿತು, ಆಮೇಲೆ ಹುಕ್ಕೇರಿಯಲ್ಲಿ. ಕುರಿಗೂ ವಿಮೆ ಬಂತು. ನನ್ನಂಥ ಹೆಣ್ಣುಮಕ್ಕಳು ಇನ್ನೂ ಕೆಲವರು ಬಂದರು. ಆ ವರ್ಷಗಳನ್ನು ಈಗಲೂ ನೆನೆಯುತ್ತೇನೆ. ಬಿಸಿಲು, ಕೆಸರು, ಬೆನ್ನು ನೋವು ಎಲ್ಲಾ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಹೋದ ಊರಲ್ಲೆಲ್ಲ ನಮಗೆ ಒಂದು ಜಾಗ ಇತ್ತು.

ಬೆಳೆದದ್ದನ್ನು ದೊಡ್ಡವರು ನೋಡದೆ ಇರುತ್ತಾರೆಯೇ? ದೂರದ ಊರಿನ ದೊಡ್ಡ ಕಂಪನಿಯೊಂದು ನಮ್ಮನ್ನು ತನ್ನೊಳಗೆ ಸೇರಿಸಿಕೊಂಡಿತು. ಡಾಕ್ಟರು ಆಗ ಇರಲಿಲ್ಲ. ಹುಕ್ಕೇರಿ ಶಾಖೆಗೆ ಗಾಜಿನ ಬಾಗಿಲು ಬಂತು. ಜನ ಚಪ್ಪಲಿ ಹೊರಗೆ ಬಿಟ್ಟರೂ ಒಳಗೆ ಬರಲು ಹೆದರಿದರು. ದೊಡ್ಡ ಕಂಪನಿಯಿಂದ ಬಂದ ಸಾಹೇಬರೊಬ್ಬರು, ಸತ್ತ ದನ ನೋಡಲು ಇಷ್ಟೊಂದು ಮಂದಿ ಯಾಕೆ, ಫೋಟೋ ಸಾಕಲ್ಲ ಎಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಮನುಷ್ಯ. ನಾನು ಎದುರುತ್ತರ ಕೊಟ್ಟೆ, ಮೂಡಲಗಿಗೆ ವರ್ಗವಾಯಿತು. ಆದರೆ ನ್ಯಾಯವಾಗಿ ಹೇಳಬೇಕೆಂದರೆ, ಫೋಟೋ ಬಂದ ಮೇಲೆ ಹಣ ಬೇಗ ಬರತೊಡಗಿತು. ಮೊದಲಿನ ಹಾಗೆ ಅಲೆದಾಟವಿಲ್ಲ. ಜನ ಖುಷಿಯಾಗಿದ್ದಾರೆ. ನನ್ನ ಹಂಬಲಕ್ಕೆ ಯಾರ ಸಾಕ್ಷಿಯೂ ಇಲ್ಲ.

ಕಾಕಾ ತೀರಿಕೊಂಡದ್ದು ಅವರು ಕೆಲಸ ಬಿಟ್ಟ ಮೇಲೆ, ಹುಕ್ಕೇರಿಯಲ್ಲಿ. ಸುದ್ದಿ ಬಂದ ಕೂಡಲೇ ಓಡಿದೆ. ಅವರ ಮನೆಯ ಹೆಣ್ಣುಮಕ್ಕಳು ನನ್ನನ್ನು ತಬ್ಬಿಕೊಂಡು ಅತ್ತರು. ಗಂಡಸರು ಜನಾಜಾ ಎತ್ತಿಕೊಂಡು ಹೊರಟಾಗ ನಾನು ಹೊಸ್ತಿಲಲ್ಲೇ ನಿಂತೆ. ಅವರಲ್ಲಿ ಹೆಂಗಸರು ಖಬರಸ್ತಾನಕ್ಕೆ ಹೋಗುವುದಿಲ್ಲ. ಎಷ್ಟೋ ಊರಿನ ಎಷ್ಟೋ ಎಮ್ಮೆಗಳ ಮಣ್ಣಿಗೆ ನನ್ನನ್ನು ಕರೆದುಕೊಂಡು ಹೋದ ಮನುಷ್ಯ. ಅವರ ಮಣ್ಣಿಗೆ ನಾನು ಹೋಗಲಿಲ್ಲ.

ಇದೆಲ್ಲ ತಲೆಯಲ್ಲಿ ಸುತ್ತುತ್ತಿರುವಾಗ ನಮ್ಮ ಎಮ್ಮೆಯನ್ನು ಹೂಳಿದ್ದಾಯಿತು. ಸಂಜೆಯವರೆಗೆ ಬಾಗಿಲಿಗೆ ಯಾರೂ ಬರಲಿಲ್ಲ. ಜಮಖಾನೆ ಮಡಚಿ ಒಳಗಿಟ್ಟೆ. ಕೆಲವು ದಿನಗಳಲ್ಲಿ ಯಜಮಾನರ ಫೋನು ಸದ್ದು ಮಾಡಿತು. "ನೋಡು, ಜಮಾ ಆತು. ಒಂದ್ ರೂಪಾಯಿ ಕಡಿಮಿ ಇಲ್ಲ" ಎಂದು ತೋರಿಸಿದರು. ನಾನು ಅಡುಗೆಮನೆಗೆ ಹೋಗಿ ಅತ್ತೆ. ಎಮ್ಮೆ ಹೋದದ್ದಕ್ಕೆ ಅಳುತ್ತಿದ್ದೇನೆ ಎಂದುಕೊಂಡು ಅವರು ಇನ್ನೊಂದು ತರೋಣ ಬಿಡು ಎಂದರು. ಪಾಪ, ಒಳ್ಳೆಯ ಮನುಷ್ಯರು.

ಹೋದ ವಾರ ತಂಗಿಯ ಮನೆಗೆಂದು ಕಣಗಲಾಕ್ಕೆ ಹೋಗಿದ್ದೆ. ಹೈವೇಯಲ್ಲಿ ಬಸ್ಸಿಳಿದು ಊರ ಕಡೆ ನಡೆಯುತ್ತಿದ್ದಾಗ ದಾರಿಯ ಬದಿಯ ಹೊಲದಲ್ಲಿ ನಾಲ್ಕಾರು ಜನ ಗುಂಡಿ ತೋಡುತ್ತಿದ್ದರು. ಟ್ರ್ಯಾಲಿಯ ಮೇಲೆ ಒಂದು ಬಿಳಿ ಎತ್ತು ಮಲಗಿತ್ತು. ಬದುವಿನ ಮೇಲೆ ಒಬ್ಬ ಹೆಣ್ಣುಮಗಳು ತಲೆಯ ಮೇಲೆ ಸೆರಗು ಹೊದ್ದು ಒಬ್ಬಳೇ ಕೂತಿದ್ದಳು. ನನ್ನ ಕಾಲು ತಾನಾಗಿಯೇ ಆ ಕಡೆ ತಿರುಗಿತು. ಹೋಗಿ ಅವಳ ಪಕ್ಕದಲ್ಲಿ ಕೂತೆ.

ಅವಳು ಕಣ್ಣೊರೆಸಿಕೊಂಡು, ನನ್ನ ಕೈಚೀಲ, ಇಸ್ತ್ರಿ ಮಾಡಿದ ಸೀರೆ ಎಲ್ಲಾ ನೋಡಿದಳು. "ಕಂಪನ್ಯಾಗಿಂದ ಬಂದೀರೇನ್ರಿ? ಫೋಟೋ ಕಳಿಸಿದ್ರ ಸಾಕು, ಯಾರೂ ಬರೂದಿಲ್ಲ ಅಂದಿದ್ರು."

ಹುಕ್ಕೇರಿಯ ಗಾಜಿನ ಬಾಗಿಲಿನೊಳಗೆ ಈಗ ನನ್ನನ್ನು ಗುರುತಿಸುವವರು ಯಾರೂ ಇಲ್ಲ.

"ಹೌದ್ರಿ," ಎಂದೆ, "ಕಂಪನ್ಯಾಗಿಂದನ ಬಂದೇನಿ."

ಅವಳು ನನ್ನ ಕೈ ಹಿಡಿದುಕೊಂಡು, ಭಾಳ ಶಾಣ್ಯಾ ಇತ್ರಿ, ಎಂದು ಶುರು ಮಾಡಿದಳು. ಮಾತು ಅಳುವಿನಲ್ಲಿ ಸಿಕ್ಕಿಕೊಂಡಿತು.

"ಗಡಿಬಿಡಿ ಏನೂ ಇಲ್ರಿ," ಎಂದೆ. "ಮದ್ಲಿಂದ ಹೇಳ್ರಿ."