ಓರಗಿತ್ತಿಯ ಕೊನೆಯ ಬಟ್ಟಲು

ನನ್ನ ಓರಗಿತ್ತಿಯ ಬೆರಳತುದಿಗಳು ಯಾವಾಗಲೂ ಕಪ್ಪಗಿರುತ್ತಿದ್ದವು. ಹಸಿ ಮರದ ರಸ ಉಳಿಯ ಕಬ್ಬಿಣಕ್ಕೆ ತಾಗಿ ಉಗುರುಸಂದಿಯಲ್ಲಿ ಕೂತ ಆ ಕಪ್ಪನ್ನು ತಿಕ್ಕಿ ತೆಗೆಯುವ ಗೋಜಿಗೇ ಅವಳು ಹೋಗುತ್ತಿರಲಿಲ್ಲ. ನಾನೋ, ದಿನವೂ ನಿಂಬೆಸಿಪ್ಪೆ ಉಜ್ಜಿ ಕೈ ಬೆಳ್ಳಗಿಟ್ಟುಕೊಂಡವಳು. ಏನು ಬಂತು? ಅವಳು ಕಡೆದ ಮರದ ಬಟ್ಟಲುಗಳು ಕೆನೆಯ ಬಣ್ಣಕ್ಕೆ ಒಣಗುತ್ತಿದ್ದವು, ನನ್ನವು ಶಾಯಿ ಚೆಲ್ಲಿದ ಹಾಗೆ ನೀಲಿ, ಕಪ್ಪು ಕಲೆ ಹೊತ್ತು ಬರುತ್ತಿದ್ದವು.

ಅವಳು ಹಿರಿಯ ಸೊಸೆ, ನಾನು ಕಿರಿಯವಳು. ಕೊಯಮತ್ತೂರಿನ ಹತ್ತಿರ, ಸೂಲೂರಿನ ಪಕ್ಕದ ಈ ಮನೆಗೆ ನಾನು ಕೊಳ್ಳೇಗಾಲದ ನೇಯ್ಗೆಯವರ ಮನೆಯಿಂದ ಬಂದೆ. ಅವಳು ಆನೈಮಲೈಯಿಂದ, ಕೊಬ್ಬರಿ ಒಣಗಿಸಿ ಮಾರುವವರ ಮನೆಯಿಂದ. ಮಾವ ಮಿಲ್ಲುಗಳಿಗೆ ನೂಲು ಸುತ್ತುವ ಮರದ ಬಾಬಿನ್ ಕಡೆದುಕೊಡುತ್ತಿದ್ದವರು. ಪ್ಲಾಸ್ಟಿಕ್ ಬಾಬಿನ್ ಬಂದ ಮೇಲೆ ಮರ ತಿರುಗಿಸಿ ಕಡೆಯುವ ಅವರ ಲೇತ್ ಸುಮ್ಮನೆ ಕೂತಿತ್ತು. ಅವರು ತೀರಿಕೊಂಡ ಮೇಲೆ ಓರಗಿತ್ತಿಯೇ ಅದಕ್ಕೆ ಹೊಸ ಮೋಟಾರು ಹಾಕಿಸಿ, ಕಡಿದ ಮಾವಿನ ಮರದ ತುಂಡುಗಳನ್ನು ತರಿಸಿ, ಬಟ್ಟಲು ಕಡೆಯತೊಡಗಿದಳು. ಅವಳನ್ನು ನೋಡಿ ನೋಡಿ ನಾನೂ ಉಳಿ ಹಿಡಿದೆ. ಹಸಿ ಮರ ಕಡೆಯುವುದು ಸುಲಭ. ಕಷ್ಟವೆಲ್ಲ ಆಮೇಲೆ, ಒಣಗಿಸುವುದರಲ್ಲಿ. ಬೇಗ ಒಣಗಿದರೆ ಬಟ್ಟಲು ಸೀಳುತ್ತದೆ, ನೀರು ಉಳಿದರೆ ಕಲೆ ಬೀಳುತ್ತದೆ.

ನೇಯ್ಗೆಯವರಿಗೆ ಒಣಗಾಳಿ ಎಂದರೆ ಭಯ. ನೂಲು ಒಣಗಿದರೆ ಹರಿಯುತ್ತದೆಂದು ಮಗ್ಗದ ಮನೆಯನ್ನು ತಂಪಾಗಿ ಇಟ್ಟುಕೊಳ್ಳುವುದು ನನಗೆ ಹುಟ್ಟಿನಿಂದ ಬಂದದ್ದು. ಗಂಡನ ಅಜ್ಜನ ಕಾಲದ ಮಗ್ಗದ ಗುಂಡಿ, ನೇಯುವವರು ಕಾಲು ಇಳಿಬಿಟ್ಟು ಕೂರುತ್ತಿದ್ದ ಜಾಗ, ಈ ಮನೆಯಲ್ಲಿ ಖಾಲಿ ಬಿದ್ದಿತ್ತು. ಕಡೆದ ಬಟ್ಟಲನ್ನು ಹಾಗೆಯೇ ಅದರೊಳಗಿಟ್ಟು ಒದ್ದೆ ಗೋಣಿ ಮುಚ್ಚುತ್ತಿದ್ದೆ. ಒಂದೂ ಸೀಳಲಿಲ್ಲ. ಒಂದೂ ಕಲೆಯಿಲ್ಲದೆ ಹೊರಗೆ ಬರಲೂ ಇಲ್ಲ.

ಅವಳು ತನ್ನ ಕೆಲಸವನ್ನು ಗುಟ್ಟು ಮಾಡಿದ್ದರೆ ಬಾಯಿತುಂಬ ಬೈದುಕೊಂಡಾದರೂ ಇರುತ್ತಿದ್ದೆ. ಆ ಸುಖವೂ ಇಲ್ಲ. ಒಂದು ದಿನ ತಾನಾಗಿಯೇ ಬಂದು, ಗೋಣಿ ಎತ್ತಿ, ಮೂಸಿ ನೋಡಿದಳು.

"ಏನ್ಮಾ, ಮರಕ್ಕೆ ಉಸಿರು ಕಟ್ಟಿಸ್ತೀಯ? ಕೊಬ್ಬರೀನ ಹಿಂಗ್ ಮುಚ್ಚಿದ್ರೆ ಪೂಂಜಾಣ, ಬೂಷ್ಟು ಹತ್ತಿ ಕರ್ರಗಾಗ್ತದೆ. ಇದೂ ಅಂಗೇ. ಮೊದ್ಲು ರಸ ತೊಳಿ, ಮೈ ಆರಾಕೆ ಗಾಳಿಗೆ ಬುಡು. ಆಮೇಲೆ ಏನ್ ಬೇಕಾರೂ ಮುಚ್ಕೊ."

"ನಮ್ಮೂರಲ್ಲಿ ಹಿಂಗೇ ಕಣಕ್ಕ," ಎಂದೆ. ನಮ್ಮೂರಿನ ನಮ್ಮ ಬೀದಿಯಲ್ಲಿ ಯಾರೂ ಬಟ್ಟಲು ಕಡೆಯುವುದಿಲ್ಲ.

ಅವಳದನ್ನು ಕದ್ದು ನೋಡಬೇಕಾದ್ದೂ ಇರಲಿಲ್ಲ, ಎಲ್ಲ ಅಂಗಳದಲ್ಲೇ ನಡೆಯುತ್ತಿತ್ತು. ಲೇತಿನಿಂದ ಇಳಿಸಿದ ಬಟ್ಟಲನ್ನು ಆ ಗಳಿಗೆಯೇ ನಲ್ಲಿಯ ಕೆಳಗೆ ಹಿಡಿದು ತೆಂಗಿನ ನಾರಿನಿಂದ ತಿಕ್ಕುವಳು. ಒರೆಸಿ, ನೆರಳಲ್ಲಿ ಹಾಕಿದ ಹಗ್ಗದ ಮಂಚದ ಮೇಲೆ ಒಂದಕ್ಕೊಂದು ತಾಗದಂತೆ ವಾಲಿಸಿ ನಿಲ್ಲಿಸುವಳು. ಪಾಲಕ್ಕಾಡಿನ ಕಡೆಯಿಂದ ಬೀಸುವ ಗಾಳಿ ಜೋರಾದರೆ ಮಂಚವನ್ನು ಗೋಡೆಯ ಮರೆಗೆ ಎಳೆಯುವಳು. ಆದರೂ ಆಗೊಂದು ಈಗೊಂದು ಸೀಳುತ್ತಿತ್ತು. ಸೀಳಿದ ಸದ್ದು ಕೇಳಿದ ದಿನ ನನಗೆ ಕಾಫಿ ರುಚಿಯಾಗುತ್ತಿತ್ತು.

ನನ್ನ ಗಂಡನಾದರೂ ಸುಮ್ಮನಿರಬಾರದೆ? "ಅಣ್ಣಿ ಮಾಡಿದ್ದು ನೋಡು, ಎಂಗೈತೆ!" ಎನ್ನುವರು. ಇಲ್ಲಿಯವರಿಗೆ ಅತ್ತಿಗೆ ಎಂದರೆ ಅಣ್ಣಿ. ಅತ್ತೆಯಂತೂ ಅವಳ ಬಟ್ಟಲನ್ನು ಬೆಳಕಿಗೆ ಹಿಡಿದು, "ದೊಡ್ಡವಳ ಕೈ ಕೈಯೇ," ಎನ್ನುವರು. ನನ್ನದನ್ನು ಎತ್ತಿಕೊಂಡರೆ ಮಾತಿಲ್ಲದೆ ಕೆಳಗಿಡುವರು. ಆ ಒಂದು ಮಾತು ನನ್ನ ಬಟ್ಟಲಿಗೂ ಬರಲಿ ಎಂದು ಎಷ್ಟು ಹಂಬಲಿಸಿದೆನೋ ದೇವರಿಗೇ ಗೊತ್ತು.

ಕೊಯಮತ್ತೂರಿನಿಂದ ಬರುವ ಅಂಗಡಿಯಾಕೆ ಒಮ್ಮೆ ನನ್ನದೊಂದನ್ನು ತಿರುಗಿಸಿ ನೋಡಿ, ಇದೇನು ಬೆಂಕಿಗೆ ಬಿದ್ದಿತ್ತೇ ಎಂದು ತಮಿಳಿನಲ್ಲಿ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಓರಗಿತ್ತಿ, ಅದು ಆ ಮರದ್ದೇ ಬಣ್ಣ ಎಂದು ನಂಬಿಸಿ, ಅದನ್ನೂ ಅವಳ ಚೀಲಕ್ಕೆ ಹಾಕಿಸಿದಳು. ನಕ್ಕಿದ್ದರೆ ಸಹಿಸುತ್ತಿದ್ದೆ. ಆ ಕರುಣೆ ಮೈಗೆ ಮೆಣಸಿನಪುಡಿ ಹಚ್ಚಿದ ಹಾಗಾಯಿತು.

ಹೋದ ಆಡಿ ತಿಂಗಳ, ನಮ್ಮ ಕಡೆ ಆಷಾಢ ಎನ್ನುವ ಹೊತ್ತಿನ, ಒಂದು ಬೆಳಗ್ಗೆ ಓರಗಿತ್ತಿ ಲೇತಿನ ಮುಂದೆಯೇ ಎದೆ ಹಿಡಿದುಕೊಂಡು ಕೂತಳು. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು. ಮನೆ ತುಂಬ ಜನ, ಅಳು. ನಾನೂ ಅಳುತ್ತಿದ್ದೆ, ಸುಳ್ಳಲ್ಲ. ನೀರು ತರಲೆಂದು ಹೊರಗೆ ಹೋದಾಗ, ಅವಳು ಬೆಳಗ್ಗೆ ಕಡೆದಿದ್ದ ಬಟ್ಟಲು ಲೇತಿನ ಮೇಲೇ ಇರುವುದು ಕಂಡಿತು. ರಸ ಇನ್ನೂ ಆರಿರಲಿಲ್ಲ. ಹಾಗೇ ಬಿಟ್ಟರೆ ಸಾಕಿತ್ತು, ಅವಳ ಕೊನೆಯ ಬಟ್ಟಲೂ ನನ್ನವುಗಳ ಸಾಲಿಗೆ ಸೇರುತ್ತಿತ್ತು. ಸಾವಿನ ಮನೆಯಲ್ಲಿ ಬಟ್ಟಲಿನ ವಿಚಾರ ಯಾರು ಕೇಳುತ್ತಾರೆ? ಬಿಡು, ಕಪ್ಪಾಗಲಿ ಎಂದು ನನ್ನ ಹೊಟ್ಟೆಕಿಚ್ಚು ಹೇಳಿದ್ದು ನಿಜ.

ಕೈ ಕೇಳಲಿಲ್ಲ. ಬಟ್ಟಲು ಬಿಚ್ಚಿ, ನಲ್ಲಿಯ ಕೆಳಗೆ ಹಿಡಿದು, ಅವಳದೇ ನಾರಿನಿಂದ ತಿಕ್ಕಿದೆ. ಒಳಗಿನಿಂದ ಯಾರೋ ನನ್ನನ್ನು ಕರೆಯುತ್ತಲೇ ಇದ್ದರು. ಒರೆಸಿ, ಮಂಚದ ಮೇಲೆ ವಾಲಿಸಿ ನಿಲ್ಲಿಸಿ ಒಳಗೆ ಹೋದೆ. ದಿನಗಳು ಕಳೆದು ಮೈ ಪೂರ್ತಿ ಆರಿತು ಅನ್ನಿಸಿದ ಮೇಲೆ ಅದನ್ನು ಮಗ್ಗದ ಗುಂಡಿಗೆ ಇಳಿಸಿ, ಒಣ ಗೋಣಿ ಮುಚ್ಚಿದೆ. ಅಷ್ಟರ ಮಟ್ಟಿಗೆ ನನ್ನ ಹಟ ಬಿಡಲಿಲ್ಲ.

ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಹೊರಗೆ ತೆಗೆದೆ. ಒಣಗಿ ಸೊಟ್ಟಗಾಗಿದ್ದ ಬಾಯನ್ನು ಲೇತಿಗೆ ಕೊಟ್ಟು ದುಂಡಗೆ ಮಾಡಿದೆ. ಸೀಳಿಲ್ಲ, ಕಲೆಯಿಲ್ಲ. ಅಂಥದ್ದು ಅವಳಿಗೂ ಅಪರೂಪವಾಗಿತ್ತು. ಸೆರಗಿನಿಂದ ಪುಡಿ ಒರೆಸಿ ಅತ್ತೆಯ ಕೈಗೆ ಕೊಟ್ಟೆ.

ಅವರು ಬಾಗಿಲ ಬೆಳಕಿಗೆ ಹಿಡಿದು, ಒಳಗೂ ಹೊರಗೂ ಬೆರಳಾಡಿಸಿದರು. ಕಣ್ಣು ತುಂಬಿ ಬಂತು. "ಅವ್ಳು ಕೊನೇದಾಗಿ ಮಾಡಿದ್ದು ಇದೇನಾ? ಒಂದು ಕಲೆ ಇಲ್ಲ ನೋಡು. ದೊಡ್ಡವಳ ಕೈ ಕೈಯೇ."

ಕಲೆ ಬೀಳದಂತೆ ಕಾದವಳು ನಾನು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಹೊಟ್ಟೆ ಉರಿಯಿತು, ಇದನ್ನು ಬರೆಯುವಾಗಲೂ ಉರಿಯುತ್ತಿದೆ. ಸತ್ತ ಮೇಲೂ ಗೆದ್ದುಬಿಟ್ಟಳು ಪುಣ್ಯಾತ್ಗಿತ್ತಿ. ತಲೆ ತಗ್ಗಿಸಿ ನನ್ನ ಕೈ ನೋಡಿಕೊಂಡೆ. ನಿಂಬೆಸಿಪ್ಪೆ ಉಜ್ಜುವುದನ್ನು ಯಾವಾಗ ಬಿಟ್ಟೆನೋ, ಉಗುರುಸಂದಿಯಲ್ಲೆಲ್ಲ ಕಪ್ಪು ಕೂತಿತ್ತು.

"ಹೂಂ ಅತ್ತೆ," ಎಂದೆ. "ಅಕ್ಕಂದೇ ಕೈ."