ಅಳಿಸಿಹೋದ ಮಚ್ಚೆ

ಬುರ್ಮಕಾನ್‌ಗೆ ಕೂತಲ್ಲಿ ಕೂರುವುದೆಂದರೆ ಆಗದ ಮಾತು. ನಾರಿನ್ ಕಣಿವೆಯ ಸಣ್ಣ ಪಟ್ಟಣದ ಜನನ-ಮರಣ ಕಚೇರಿಯಲ್ಲಿ ಸ್ಕ್ಯಾನರ್ ಮುಂದೆ ಕೂತೇ ತಲೆ ನರೆತಿತ್ತು. ಆದರೂ ಕಾಲು ಮೇಜಿನ ಕೆಳಗೆ ಕುಣಿಯುತ್ತಲೇ ಇರಬೇಕು, ಚಹಾ ಆರುತ್ತಲೇ ಇರಬೇಕು.

"ಏಜೆ, ಅಕ್ಕಾ, ನಿಮ್ಮ ಕುರ್ಚಿಗೆ ಮೊಳೆ ಬಡಿದಿದಾರಾ?" ಎಂದು ಪಕ್ಕದ ಮೇಜಿನ ಜಿಪಾರ್ ಕೆಣಕುತ್ತಿದ್ದಳು.

"ನಿನ್ನ ಹಾಗೆ ಮೊಟ್ಟೆಗೆ ಕಾವು ಕೊಡೋಕೆ ನಂಗೆ ಬರಲ್ಲ ಕಣೇ!"

ಸತ್ತವರ ಪಾಸ್‌ಪೋರ್ಟನ್ನು, ಅಂದರೆ ಆ ದೇಶದಲ್ಲಿ ಎಲ್ಲರಿಗೂ ಇರುವ ಗುರುತಿನ ಪತ್ರವನ್ನು, ಮನೆಯವರು ಅಲ್ಲಿ ಒಪ್ಪಿಸಬೇಕು. ಸ್ಕ್ಯಾನ್ ಆದಮೇಲೆ ಅದು ಚೂರು ಮಾಡುವ ಯಂತ್ರದ ಪಾಲು. ಎಷ್ಟೋ ಮುದುಕಿಯರಿಗೆ ಇದ್ದದ್ದು ಅದೊಂದೇ ಫೋಟೊ. ಗೋರಿಕಲ್ಲಿನ ಮೇಲೆ ಕೆತ್ತಿಸಲು ಮುಖ ಬೇಡವೇ? ಅದಕ್ಕೇ ಬುರ್ಮಕಾನ್ ಯಾರ ಅಪ್ಪಣೆಗೂ ಕಾಯದೆ ಆ ಮುಖವನ್ನು ದೊಡ್ಡದು ಮಾಡಿ ಮನೆಯವರ ಕೈಗಿಡುತ್ತಿದ್ದಳು. ಈ ಚಳಿಗಾಲದಲ್ಲಿ ಗಾಜಿನ ಧೂಳು ಒರೆಸಿ ಒರೆಸಿ ರೋಸಿಹೋಗಿ, ಚುಕ್ಕೆಗಳನ್ನು ಸ್ಕ್ಯಾನರ್ ಯಂತ್ರವೇ ತೆಗೆಯುವಂತೆ ಮಾಡಿಟ್ಟಳು. ಚಿತ್ರಗಳು ತೊಳೆದ ತಟ್ಟೆಯಂತೆ ಬಂದವು. ಅವಳಿಗೆ ಹೆಮ್ಮೆಯೋ ಹೆಮ್ಮೆ.

ಒಂದು ಬೆಳಿಗ್ಗೆ ಜಾನಿಷ್ ಎಂಬ ಕುದುರೆ ಮೇಯಿಸುವವನು ಬಂದು, ಅವಳು ಕೊಟ್ಟಿದ್ದ ಚಿತ್ರವನ್ನೇ ಮೇಜಿಗೆ ಕುಕ್ಕಿದ.

"ಯಾರ ಮುಖ ಕೊಟ್ಟಿದೀರಿ ಏಜೆ? ಚಿಕ್ಕಪ್ಪಂದಿರು 'ಯಾರೋ ಈ ಹೆಂಗ್ಸು' ಅಂತಾರೆ!"

"ನಿಮ್ಮಮ್ಮಾನೇ ಕಣೋ ತಮ್ಮಾ."

"ನಮ್ಮಮ್ಮಂಗೆ ಮಚ್ಚೆ ಇತ್ತು, ಒಣದ್ರಾಕ್ಷಿ ಗಾತ್ರದ್ದು. ಎಲ್ಲೋಯ್ತು ಅದು?"

ಬುರ್ಮಕಾನ್ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಯಂತ್ರ ಅದನ್ನೂ ಧೂಳೆಂದು ಒರೆಸಿಬಿಟ್ಟಿತ್ತು. ಉಳಿದಿದ್ದದ್ದು ಒರೆಸಿದ ಚಿತ್ರವೊಂದೇ. ಪಾಸ್‌ಪೋರ್ಟ್ ಚೂರಾಗಿತ್ತು. ಬೇರೆ ಫೋಟೊ ಇರಲಿಲ್ಲ. ಕ್ಯಾಮೆರಾ ಕಂಡರೆ ಆ ತಾಯಿ ತಲೆವಸ್ತ್ರ ಮುಖಕ್ಕೆಳೆದುಕೊಳ್ಳುವವಳಂತೆ.

"ತಪ್ಪು ನಂದೇ. ಎಲ್ಲಿತ್ತು ಹೇಳು, ಹಾಗೇ ಇಡ್ತೀನಿ."

"ಎಡಗೆನ್ನೇಲಿ."

ಇಟ್ಟಳು. ಜಾನಿಷ್ ಕಂಪ್ಯೂಟರ್ ತೆರೆಯಲ್ಲಿ ನೋಡಿದ, ತಲೆಯಾಡಿಸಿದ. "ಅಲ್ಲ... ಬಲಗಡೆ ಇಡಿ." ಇಟ್ಟಳು. "ತಡೀರಿ, ತಡೀರಿ." ಮಾಸ್ಕೋದಲ್ಲಿದ್ದ ಅಕ್ಕನಿಗೆ ಫೋನ್ ಹಚ್ಚಿದ. ಎಡಗಡೆಯೇ ಎಂದ ಅಕ್ಕ, ಆಮೇಲೆ ತನಗೂ ಗೊತ್ತಾಗುತ್ತಿಲ್ಲವೆಂದು ಅಳತೊಡಗಿದಳು.

"ಇಷ್ಟು ವರ್ಷ ಎದುರಿಗೇ ಕೂತು ಉಂಡಿದೀನಿ. ಎಂಥಾ ಮಗ ರೀ ನಾನು?"

ಬುರ್ಮಕಾನ್‌ಗೆ ಎದ್ದು ಓಡಿಹೋಗೋಣ ಅನ್ನಿಸಿತು. ನಾಳೆಯೇ ಕೆತ್ತನೆ. ಕಲ್ಲಿನ ಮೇಲೆ ತಪ್ಪು ಕೂತರೆ ತೆಗೆಯುವವರು ಯಾರು? ಮೇಜಿನ ಸುತ್ತ ಶತಪಥ ಹಾಕಿದಳು. ಬಾಯಿಗೆ ಬಂದದ್ದೆಲ್ಲ ಕೇಳಿದಳು.

"ಅಮ್ಮ ನಿನ್ನ ಮುದ್ದು ಮಾಡ್ತಿದ್ರಾ?"

"ಬೆಟ್ಟದಿಂದ ಇಳಿದು ಬಂದಾಗೆಲ್ಲ. ಬಾಗಿಲಲ್ಲೇ ತಬ್ಕೊಂಡು ಕೆನ್ನೆಗೆ ಕೆನ್ನೆ ಒತ್ತೋಳು. ಆ ಮಚ್ಚೆ ಮೇಲೊಂದು ಬಿರುಸು ಕೂದಲು. ಚುಚ್ತದೆ ಬಿಡಮ್ಮಾ ಅಂತಿದ್ದೆ..."

ಅವನ ಕೈ ತಾನಾಗಿ ಬಲಗೆನ್ನೆಗೆ ಹೋಗಿ ಅಲ್ಲೇ ನಿಂತಿತು.

"ಇಲ್ಲಿ. ಇಲ್ಲೇ ಚುಚ್ತಿತ್ತು."

ಬಲಗೆನ್ನೆಗೆ ಬಲಗೆನ್ನೆ! ಬುರ್ಮಕಾನ್ ಮಚ್ಚೆಯಿಟ್ಟಳು. ಆ ಗಟ್ಟಿ ಆಳು ಕಚೇರಿಯ ನಡುವೆ ನಿಂತು, "ಅಮ್ಮಾ" ಎಂದು ಮಗುವಿನ ಹಾಗೆ ಅತ್ತುಬಿಟ್ಟ.

ಅವನು ಹೋದಮೇಲೆ ಅವಳು ಯಂತ್ರವನ್ನು ಮೊದಲಿನಂತೆ ಮಾಡಿದಳು. ಮಾಡಿದರೇನು? ಚಳಿಗಾಲದಿಂದ ಎಷ್ಟು ಮುಖ ತೊಳೆದುಬಿಟ್ಟಿದ್ದಳೋ! ಉಳಿದವರು ಯಾಕೆ ಬಂದು ಕೇಳಲಿಲ್ಲ? ಕೂರಲಾಗದೆ, ನಿಂತೇ ಒಂದು ಮನೆಗೆ ಫೋನ್ ಹಚ್ಚಿದಳು.

"ನಿಮ್ಮ ತಂದೆಯವರ ಮುಖದ ಮೇಲೆ ಮಚ್ಚೆ-ಗಿಚ್ಚೆ ಏನಾದ್ರೂ ಇತ್ತಾ?"

ಆ ಕಡೆಯವನು ಫೋನ್ ಹಿಡಿದುಕೊಂಡೇ ಮನೆಯೊಳಗೆ ಕೂಗಿ ಕೇಳಿದ: "ಅಮ್ಮಾ, ಅಪ್ಪಂಗೆ ಮಚ್ಚೆ ಇತ್ತಾ?"