ಅಕ್ಕನ ಹೆಸರಿನಲ್ಲಿ ತೆರೆದ ಪುಟ

ಈಗೀಗ ಯಾವ ವೆಬ್‌ಸೈಟಿಗೆ ಹೋದರೂ ಕೆಳಗಿನಿಂದ ಒಂದು ಪಟ್ಟಿ ಎದ್ದು ಬಂದು, ನಿಮ್ಮ ಮೊಬೈಲಿನಲ್ಲಿ ಕುಕೀ ಇಡಬಹುದೇ ಎಂದು ಕೇಳುತ್ತದೆ. ನೀವೂ ನೋಡಿರುತ್ತೀರಿ, ಓದದೆಯೇ ಒಪ್ಪಿಗೆ ಒತ್ತಿ ಮುಂದೆ ಹೋಗಿರುತ್ತೀರಿ. ನಾನೂ ಹಾಗೇ ಒತ್ತುತ್ತೇನೆ. ಆದರೆ ಒತ್ತುವಾಗ ನನ್ನ ಕಿವಿ ಬಿಸಿಯಾಗುತ್ತದೆ. ಇವತ್ತು ಬೆಳಿಗ್ಗೆ ಗ್ಯಾಸ್ ಬುಕ್ ಮಾಡುವಾಗಲೂ ಹಾಗೇ ಆಗಿ, ನನ್ನ ಮುಖ ನೋಡಿದ ಹೆಂಡತಿ ಸಿಲಿಂಡರ್ ಸಿಗುವುದಿಲ್ಲವೇನೋ ಎಂದು ಗಾಬರಿಯಾದಳು.

ಚಿತ್ರದುರ್ಗದಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ ಇದೆ. ಪ್ರಿಂಟರಿಗೆ ಇಂಕು ತುಂಬುವುದರಿಂದ ಹಿಡಿದು ಸಂಘ ಸಂಸ್ಥೆಗಳ ವೆಬ್‌ಸೈಟು ನೋಡಿಕೊಳ್ಳುವವರೆಗೆ ಎಲ್ಲ ಕೆಲಸವೂ ನಡೆಯುತ್ತದೆ. ಆ ವೆಬ್‌ಸೈಟುಗಳಲ್ಲಿ ಹೊಳಲ್ಕೆರೆಯ ಒಂದು ವಧೂವರ ಕೇಂದ್ರದ್ದೂ ಸೇರಿದೆ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು, ಬಿಟ್ಟವರು, ಬಿಡಿಸಿಕೊಂಡವರು ಮರುಮದುವೆಗೆಂದು ಹೆಸರು ಬರೆಸುವ ಜಾಗ ಅದು. ಆ ಕೆಲಸ ಸಿಕ್ಕ ದಿನ ಊಟಕ್ಕೆ ಕೂತಾಗ, ಇನ್ನು ಮೇಲೆ ಜಿಲ್ಲೆಯ ಅರ್ಧ ಮರುಮದುವೆ ನನ್ನ ಕೈಯಿಂದಲೇ ಆಗಬೇಕು ಎಂದು ಜಂಬ ಕೊಚ್ಚಿಕೊಂಡಿದ್ದೆ. ಹೆಂಡತಿ ನಕ್ಕಳು. ಮಗಳು ಮೊಬೈಲಿನಿಂದ ತಲೆ ಎತ್ತಲಿಲ್ಲ. ಅಕ್ಕ ಸಾರು ಬಡಿಸಿ ಒಳಗೆ ಹೋದಳು.

ಅಕ್ಕನ ವಿಷಯ ಹೇಳಿಬಿಡುತ್ತೇನೆ. ಹೆಸರು ರತ್ನಮ್ಮ. ರಾಮಗಿರಿಗೆ ಮದುವೆ ಮಾಡಿಕೊಟ್ಟಿದ್ದೆವು. ಭಾವ ಚಿಕ್ಕ ವಯಸ್ಸಿಗೇ ತೀರಿಕೊಂಡರು, ಮಕ್ಕಳಿರಲಿಲ್ಲ. ನಾನೇ ಹೋಗಿ ಕರೆದುಕೊಂಡು ಬಂದೆ. ಆಗ ನನ್ನ ಮಗಳು ತೊಟ್ಟಿಲಲ್ಲಿದ್ದಳು, ಈಗ ಕಾಲೇಜಿಗೆ ಹೋಗುತ್ತಾಳೆ. ಅಕ್ಕನಿಗೆ ನಾವು ಯಾವುದಕ್ಕೂ ಕಡಿಮೆ ಮಾಡಿಲ್ಲ ಎಂದು ನಾನು ಬಹಳ ಜನರ ಮುಂದೆ ಹೇಳಿದ್ದೇನೆ. ನಾವು ಊರಿಗೆ ಹೊರಟರೆ ಮನೆಗೆ ಬೀಗ ಬೇಡ, ಅಕ್ಕ ಇದ್ದಾಳಲ್ಲ. ಹಾಲಿನವನು ಬಂದರೆ ಅಕ್ಕ ಇದ್ದಾಳಲ್ಲ. ಇಷ್ಟು ವರ್ಷ ಅವಳ ಬಗ್ಗೆ ನಮ್ಮ ಮನೆಯಲ್ಲಿ ನಡೆದ ಮಾತೆಲ್ಲ ಹೆಚ್ಚುಕಡಿಮೆ ಇಷ್ಟೇ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕೇಂದ್ರದ ಹಿರಿಯರು ಫೋನ್ ಮಾಡಿದರು. ಹೊಸದುರ್ಗದ ಮೇಷ್ಟ್ರೊಬ್ಬರು ತಮ್ಮ ಪುಟ ತೆರೆದರೆ ಹಿರಿಯೂರಿನ ಹೆಣ್ಣುಮಗಳೊಬ್ಬಳ ಪುಟ ತೆರೆಯುತ್ತಿದೆಯಂತೆ. ಮೇಷ್ಟ್ರು ನಾಚಿಕೊಂಡು ಮೊಬೈಲನ್ನೇ ಬೀರುವಿನಲ್ಲಿ ಇಟ್ಟುಬಿಟ್ಟಿದ್ದಾರಂತೆ. ನಾನು ನಗುತ್ತಾ, ಒಂದೇ ಮೊಬೈಲನ್ನು ಇಬ್ಬರು ಬಳಸಿರುತ್ತಾರೆ, ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡಲು ಹೇಳಿ ಎಂದೆ. ತಪ್ಪು ಯಾವತ್ತೂ ಬಳಸುವವರದು ಎಂಬುದು ನಮ್ಮ ಕಸುಬಿನವರ ಮೊದಲ ನಂಬಿಕೆ. ಅದೇ ದೂರು ಮತ್ತೆ ಮತ್ತೆ ಬಂದಾಗ ಹುಡುಕಲು ಕೂತೆ.

ಇಂಥ ಸೈಟಿಗೆ ಎರಡು ಸರ್ವರ್. ಹಿಂದೆ ಒಂದಿದೆ, ಯಾರು ಬಂದರು, ಅವರಿಗೆ ಏನು ತೋರಿಸಬೇಕು ಎಂಬ ಲೆಕ್ಕವೆಲ್ಲ ಅದರದು. ಮುಂದೆ ಇನ್ನೊಂದು, ಮದುವೆಮನೆಯ ಬಾಗಿಲಲ್ಲಿ ನಿಲ್ಲುವ ಹೆಣ್ಣಿನ ಕಡೆಯ ಹುಡುಗರ ಹಾಗೆ. ಬಂದವರನ್ನು ಮಾತಾಡಿಸಿ ಒಳಗೆ ಸುದ್ದಿ ಮುಟ್ಟಿಸುವುದು, ಒಳಗಿನಿಂದ ಕೊಟ್ಟದ್ದನ್ನು ತಂದು ಕೊಡುವುದು ಅದರ ಕೆಲಸ. ನೀವು ಲಾಗಿನ್ ಆದಾಗ ಹಿಂದಿನ ಸರ್ವರ್ ನಿಮ್ಮ ಗುರುತಿಗೆ ಒಂದು ಚೀಟಿ ಕೊಡುತ್ತದೆ, ಅದೇ ಕುಕೀ. ಮತ್ತೆ ಬಂದಾಗ ಚೀಟಿ ನೋಡಿ, ಓ ನೀವಾ ಎನ್ನುತ್ತದೆ. ನಾನು ಹಿಂದಿನ ಸರ್ವರನ್ನು ದಿನಗಟ್ಟಲೆ ಜಾಲಾಡಿದೆ. ಅದರಲ್ಲಿ ಏನೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಜಾರದಲ್ಲಿ ಲ್ಯಾಪ್‌ಟಾಪ್ ಬಿಚ್ಚಿ, ಲಾಗಿನ್ ಆಗದೆಯೇ ಸೈಟು ತೆರೆದೆ. ತೆರೆದುಕೊಂಡಿತು. ಮೇಲ್ಗಡೆ ‘ನಮಸ್ಕಾರ, ರತ್ನಮ್ಮ’ ಎಂದಿತ್ತು.

ರತ್ನಮ್ಮಂದಿರು ಊರಿಗೆ ಹತ್ತು ಜನ ಇದ್ದಾರೆ ಎಂದುಕೊಂಡು ಫೋಟೋ ನೋಡಿದೆ. ನಮ್ಮ ಮನೆಯ ಗೃಹಪ್ರವೇಶದ ಫೋಟೋ. ಎಲ್ಲರನ್ನೂ ಕತ್ತರಿಸಿ ಅಕ್ಕ ತನ್ನನ್ನು ಮಾತ್ರ ಉಳಿಸಿಕೊಂಡಿದ್ದಳು. ಅಂಚಿನಲ್ಲಿ ಒಂದು ನೀಲಿ ಅಂಗಿಯ ಭುಜ ಉಳಿದಿತ್ತು. ಅದು ನನ್ನದು.

ಅಲ್ಲಿಗೇ ಮುಚ್ಚಬೇಕಿತ್ತು. ಮುಚ್ಚಲಿಲ್ಲ, ಕೆಳಗೆ ಓದಿದೆ. ಎಂಥ ಮನೆ ಬೇಕು ಎಂಬಲ್ಲಿ ಬೇರೆಯವರೆಲ್ಲ ಸ್ವಂತ ಮನೆ, ಸರ್ಕಾರಿ ನೌಕರಿ ಎಂದು ಬರೆದಿರುತ್ತಾರೆ. ಅಕ್ಕ ‘ಮಾತಾಡುವ ಜನ ಇರಬೇಕು’ ಎಂದು ಬರೆದಿದ್ದಳು. ಆಗ ನನ್ನ ತಲೆಗೆ ಮೊದಲು ಬಂದದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಇವಳಿಗೆ ನಮ್ಮ ಮನೆಯಲ್ಲಿ ಏನು ಕಡಿಮೆಯಾಗಿದೆ ಎಂದು ಸಿಟ್ಟು ಬಂತು. ಆಮೇಲೆ, ನೆಂಟರು ಏನೆಂದುಕೊಂಡಾರು ಎಂದು. ಅಕ್ಕನ ಯೋಚನೆ ಬಂದದ್ದು ಅದೆಲ್ಲ ಆದ ಮೇಲೆ.

ಅಷ್ಟರಲ್ಲಿ ನನ್ನೊಳಗಿನ ಮೆಕ್ಯಾನಿಕ್‌ಗೆ ದೋಷ ಹೊಳೆದಿತ್ತು. ಸೈಟು ಬೇಗ ತೆರೆಯಲಿ ಎಂದು ನಾನೇ ಮುಂದಿನ ಸರ್ವರಿಗೆ, ಒಮ್ಮೆ ಒಳಗಿನಿಂದ ತಂದ ಪುಟವನ್ನು ಸ್ವಲ್ಪ ಹೊತ್ತು ನಿನ್ನ ಹತ್ತಿರವೇ ಇಟ್ಟುಕೊಂಡಿರು ಎಂದು ಹೇಳಿಕೊಟ್ಟಿದ್ದೆ. ಅದು ಪುಟದ ಜೊತೆಗೆ ಚೀಟಿಯನ್ನೂ ಇಟ್ಟುಕೊಂಡು, ಆಮೇಲೆ ಬಂದವರಿಗೆ ಎರಡನ್ನೂ ದಾನ ಮಾಡುತ್ತಿತ್ತು. ಅಂದರೆ ನನಗಿಂತ ಸ್ವಲ್ಪ ಮುಂಚೆ ಅಕ್ಕ ಅದೇ ಪುಟ ನೋಡಿದ್ದಳು. ಗೋಡೆಯಾಚೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅವಳು ಅಲ್ಲೇ ಮಣೆ ಹಾಕಿಕೊಂಡು ಮೊಬೈಲು ಹಿಡಿದು ಕೂತಿದ್ದಾಳೆ ಎಂದು ಗೊತ್ತಾಯಿತು. ಅವಳ ಪುಟವನ್ನು ಇನ್ನೆಷ್ಟು ಜನ ನೋಡಿದ್ದಾರೋ ಎಂದು ನೆನೆದು ತಕ್ಷಣ ಸರಿಪಡಿಸಲು ಕೂತೆ. ಮುಂದಿನ ಸರ್ವರಿನಲ್ಲಿ ಎರಡು ಸಾಲು ಬದಲಾಯಿಸಿದೆ. ಇಟ್ಟುಕೊಂಡ ಪುಟಗಳನ್ನೂ ಹಳೆಯ ಚೀಟಿಗಳನ್ನೂ ಅಳಿಸಿಹಾಕಿದೆ. ಜಿಲ್ಲೆಯ ಅಷ್ಟೂ ವಧೂವರರು ಒಂದೇ ಸಲ ಲಾಗ್‌ಔಟ್ ಆಗಿ ಹೊರಗೆ ಬಿದ್ದರು.

ಸಂಜೆ ಚಹಾ ತಂದಿಟ್ಟ ಅಕ್ಕ ಹೋಗದೆ ಬಾಗಿಲ ಹತ್ತಿರ ನಿಂತಳು.

“ಈ ಮೊಬೈಲ್‌ನಾಗೆ ಒಂದ್ಸಲ ಹೊರಗ್ ಹಾಕಿದ್ರೆ ಮತ್ತೆ ಒಳಗ್ ಬಿಡಲ್ವೇನಪ್ಪ?”

“ಬಿಡ್ತೈತೆ. ಮತ್ತೆ ಹೆಸ್ರು, ಪಾಸ್‌ವರ್ಡ್ ಕೊಡ್ಬೇಕು ಅಷ್ಟೇ,” ಎಂದೆ. ಯಾವುದಕ್ಕೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆಮೇಲೆ ತಿಂಗಳುಗಟ್ಟಲೆ ನಾನು ಸುಮ್ಮನಿದ್ದೆ. ಅದಕ್ಕೆ ಒಂದು ದೊಡ್ಡ ಹೆಸರನ್ನೂ ಇಟ್ಟುಕೊಂಡಿದ್ದೆ, ಗೌರವ ಅಂತ. ಅವಳ ಗುಟ್ಟು ಅವಳಿಗಿರಲಿ, ಕಂಡದ್ದನ್ನು ಬಾಯಿಬಿಡದವನೇ ದೊಡ್ಡವನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ನಿಜ ಹೇಳಬೇಕೆಂದರೆ, ಅಕ್ಕ ಹೊರಟುಹೋದರೆ ಬೆಳಿಗ್ಗೆ ಬೇಗ ಏಳುವವರು ಯಾರು ಎಂಬ ಲೆಕ್ಕವೂ ಒಳಗಿತ್ತು. ಬಡಿಸುವಾಗ ಅವಳ ಕೈ ನೋಡುತ್ತಿದ್ದೆ, ಮುಖ ನೋಡಲು ಆಗುತ್ತಿರಲಿಲ್ಲ.

ಹೋದ ತಿಂಗಳು ಹೆಂಡತಿ, ಮಗಳು ಊರಿಗೆ ಹೋಗಿದ್ದಾಗ ಅಕ್ಕನನ್ನು ಚಂದ್ರವಳ್ಳಿಗೆ ಕರೆದುಕೊಂಡು ಹೋದೆ. ಮನೆಯ ಹತ್ತಿರದ ಜಾಗವಾದರೂ ಅವಳನ್ನು ಕರೆದೊಯ್ದದ್ದು ಇಷ್ಟು ವರ್ಷಗಳಲ್ಲಿ ಅದೇ ಮೊದಲು. ಕೆರೆಯ ಪಕ್ಕದ ಬಂಡೆಯ ಮೇಲೆ ಕೂತಾಗ, ನೀರು ನೋಡುತ್ತಾ ಎಲ್ಲ ಹೇಳಿಬಿಟ್ಟೆ. ಸರ್ವರಿನ ತಪ್ಪು, ನಾನು ಓದಿದ್ದು, ಬೇರೆಯವರೂ ನೋಡಿರಬಹುದಾದದ್ದು. ಬೈಯಲಿ, ಅಳಲಿ ಎಂದು ಕಾದೆ. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

“ಊರೊಳಗೆ ಇಂಥ ಕೇಂದ್ರ ಇನ್ನೂ ಅವೆ ಕಣಪ್ಪ. ನೀನು ನೋಡ್ಕಳ್ಳೋ ಸೈಟು ಅಂತಾನೆ ಇದ್ರಾಗೆ ಬರ್ದೆ. ಬಾಯಿಬಿಟ್ಟು ಹೇಳಾಕೆ ನಂಗೆ ಆಗ್ಲಿಲ್ಲ. ನೀನೇ ನೋಡಿ ಕೇಳ್ತೀಯ ಅನ್ಕಂಡಿದ್ದೆ.”

ನಾನು ಪಕ್ಕದಲ್ಲಿದ್ದ ಒಂದು ಸಣ್ಣ ಕಲ್ಲು ತೆಗೆದು ನೀರಿಗೆ ಎಸೆದೆ.

“ನೋಡಿನೂ ಕೇಳ್ಲಿಲ್ವಲ್ಲೋ,” ಎಂದಳು.

ಆ ಮಾತಿನಲ್ಲಿ ಸಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ನನ್ನ ಇಷ್ಟು ದಿನದ ಗೌರವವೆಲ್ಲ ಆ ಬಂಡೆಯ ಮೇಲೆ ಬೆತ್ತಲಾಗಿ ಕೂತಿತ್ತು. ಹೊಳಲ್ಕೆರೆಗೆ ಹೋಗಾಣವಾ ಎಂದು ಕೇಳಿದೆ. ಹೂಂ ಎಂದಳು.

ಮೊನ್ನೆ ಸೋಮವಾರ ಇಬ್ಬರೂ ಬಸ್ಸು ಹತ್ತಿ ಹೋದೆವು. ಕೇಂದ್ರದ ಹಿರಿಯರು ನನ್ನನ್ನು ರಿಪೇರಿಗೆ ಬಂದವನೆಂದು ತಿಳಿದು, ಕಂಪ್ಯೂಟರಿನ ಕಡೆ ಕೈ ತೋರಿಸಿದರು. ಅಕ್ಕನ ಜೊತೆ ಬಂದಿದ್ದೇನೆ ಎಂದಾಗ ಎದ್ದು ಕುರ್ಚಿ ಕೊಟ್ಟರು. ಹೊಸದುರ್ಗದಲ್ಲಿ ಒಬ್ಬರಿದ್ದಾರೆ, ಒಳ್ಳೆಯ ಜನ, ಅವರಿಗೆ ಏನು ಹೇಳಲಿ, ನಿಮ್ಮ ಅಕ್ಕನ ಬಗ್ಗೆ ಹೇಳಿ ಎಂದರು. ಗಂಡಸರನ್ನೇ ಮೊದಲು ಕೇಳುವುದು ಅಲ್ಲಿನ ರೂಢಿ. ತುಂಬಾ ಒಳ್ಳೆಯವಳು ಎಂದೆ. ರೊಟ್ಟಿ ಚೆನ್ನಾಗಿ ತಟ್ಟುತ್ತಾಳೆ ಎಂದೆ. ಅವರು ಇನ್ನೂ ಕಾಯುತ್ತಿದ್ದರು.

ಅಕ್ಕನೇ ಶುರು ಮಾಡಿದಳು. ರಾಮಗಿರಿಯಲ್ಲಿದ್ದಾಗ ಸಂಜೆ ಕೆಲಸವಾದ ಮೇಲೆ ಭಾವನೂ ಅವಳೂ ರೈಲ್ವೆ ಸ್ಟೇಷನ್ನಿಗೆ ಹೋಗಿ, ಇಳಿದವರು ಯಾರ ಮನೆಗೆ ಬಂದವರು ಎಂದು ಪಂದ್ಯ ಕಟ್ಟುತ್ತಿದ್ದರಂತೆ. ಗೆಲ್ಲುತ್ತಿದ್ದದ್ದು ಅವಳೇ ಅಂತೆ. ಒಬ್ಬಳೇ ತಿನ್ನುವುದೆಂದರೆ ಅವಳಿಗೆ ಗಂಟಲಲ್ಲಿ ಇಳಿಯುವುದಿಲ್ಲವಂತೆ. ಎಲ್ಲರನ್ನೂ ಅಣಕಿಸಿ ನಗಿಸುತ್ತಿದ್ದಳಂತೆ. ಹೇಳುತ್ತಾ ಹೇಳುತ್ತಾ ಅತ್ತೆಯ ನಡಿಗೆ ಹೇಗಿತ್ತೆಂದು ಕೂತಲ್ಲೇ ಮಾಡಿ ತೋರಿಸಿದಳು, ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬರೆದುಕೊಳ್ಳುವ ಮುಂಚೆ ನನ್ನ ಕಡೆ ತಿರುಗಿ, ಹೌದೇನ್ರಿ, ಮನೆಯಲ್ಲೂ ಹೀಗೇನಾ ಎಂದು ಕೇಳಿದರು.

“ಗೊತ್ತಿಲ್ರಿ,” ಎಂದೆ, “ನಾನೂ ಈಗ್ಲೇ ಕೇಳ್ತಿರೋದು.”